ಹಳೆಯ ಡಿಸ್ಕಿನ ಸಂಗೀತವನ್ನು ಹೊಸದಕ್ಕೆ ಸಾಗಿಸುವಾಗ

ಪ್ರಶ್ನೆ: ನಾನು ಕುಂದಾಪುರ ಕಡೆಯ ನಿವೃತ್ತ ಶಿಕ್ಷಕ. 2 ಟಿಬಿಯ ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿನಲ್ಲಿ ಸುಮಾರು 1.6 ಟಿಬಿಯಷ್ಟು ಆಡಿಯೋ ಇದೆ. ಸಿಡಿಗಳಿಂದ ಇಳಿಸಿದ ಹಿಂದೂಸ್ತಾನಿ ಮತ್ತು ಕರ್ನಾಟಕ ಸಂಗೀತ, ಸಿನಿಮಾ ಹಾಡು, ಭಾವಗೀತೆ, ಜೊತೆಗೆ ನಮ್ಮ ತಂದೆಯವರು ಊರೂರು ತಿರುಗಿ ರೆಕಾರ್ಡ್ ಮಾಡಿದ ತಾಳಮದ್ದಳೆಯ ಸುಮಾರು 300 ಕ್ಯಾಸೆಟ್‌ಗಳ ಎಂಪಿ3. ಡಿಸ್ಕಿಗೆ ಹತ್ತು ವರ್ಷವಾಗಿದೆ. ಈಚೆಗೆ ಕೆಲವು ಫೋಲ್ಡರ್ ತೆರೆಯಲು ತುಂಬಾ ಹೊತ್ತು ಹಿಡಿಯುತ್ತದೆ. ಅಂಗಡಿಯವರು 'ಹೊಸದು ತಗೊಂಡು ಕಟ್-ಪೇಸ್ಟ್ ಮಾಡಿ, ಒಂದು ರಾತ್ರಿಯ ಕೆಲಸ' ಎನ್ನುತ್ತಾರೆ. ಗೆಳೆಯರೊಬ್ಬರ ಪ್ರಕಾರ ಕಾಪಿ ಮಾಡಿದಷ್ಟೂ ಧ್ವನಿ ತೆಳುವಾಗುತ್ತದೆ, ಎಲ್ಲವನ್ನೂ ಮೊದಲು ಫ್ಲ್ಯಾಕ್‌ಗೆ (ಧ್ವನಿಯ ವಿವರ ಕಳೆಯದೆ ಕುಗ್ಗಿಸಿಡುವ ಫೈಲ್ ರೂಪ) ಬದಲಾಯಿಸಬೇಕು. ಅಮೆರಿಕದಲ್ಲಿರುವ ಮಗ ಎಲ್ಲ ಕ್ಲೌಡಿಗೆ ಹಾಕಿ ಎನ್ನುತ್ತಾನೆ. ಹಿಂದೊಮ್ಮೆ ಅವನ ಮ್ಯಾಕ್‌ನಲ್ಲಿ ಜೋಡಿಸಿಟ್ಟಿದ್ದನ್ನು ಆಮೇಲೆ ನನ್ನ ವಿಂಡೋಸ್ ಕಂಪ್ಯೂಟರಿಗೆ ತಂದೆವು. ಅಂದಿನಿಂದ ಕನ್ನಡ ಹೆಸರಿನ ಕೆಲವು ಫೈಲ್‌ಗಳು ಕಣ್ಣಿಗೆ ಕಾಣುತ್ತವೆ, ಹುಡುಕಿದರೆ ಸಿಗುವುದಿಲ್ಲ. ಐಟ್ಯೂನ್ಸ್‌ನಲ್ಲಿ ಮಾಡಿಟ್ಟ ಪಟ್ಟಿಗಳೂ ಉಳಿಯಬೇಕು. ಎರಡು ಡಿಸ್ಕಿನ ನ್ಯಾಸ್ (ಮನೆಯ ನೆಟ್‌ವರ್ಕಿಗೆ ಜೋಡಿಸುವ ಡಿಸ್ಕ್ ಪೆಟ್ಟಿಗೆ) ಕೊಳ್ಳಲೇ, ತಿರುಗುವ ತಟ್ಟೆಯ ಬದಲು ಮೆಮೊರಿ ಚಿಪ್ ಇರುವ ಎಸ್‌ಎಸ್‌ಡಿ ಕೊಳ್ಳಲೇ? ಮುಗಿದ ಮೇಲೆ ಹಳೆಯ ಡಿಸ್ಕನ್ನು ಫಾರ್ಮ್ಯಾಟ್ ಮಾಡಿ ಮೊಮ್ಮಗಳಿಗೆ ಕೊಡಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಯಾವುದನ್ನು ಕೊಳ್ಳಬೇಕೆಂಬ ಪ್ರಶ್ನೆಯಲ್ಲ, 'ಕೆಲವು ಫೋಲ್ಡರ್ ತೆರೆಯಲು ತುಂಬಾ ಹೊತ್ತು ಹಿಡಿಯುತ್ತದೆ' ಎಂಬ ಮಾತು. ಅದರ ಕಾರಣ ತಿಳಿಯುವವರೆಗೆ ಉಳಿದದ್ದೆಲ್ಲ ಕಾಯಲಿ. ಹಳೆಯ ಡಿಸ್ಕಿನಲ್ಲಿ ಒಂದು ಜಾಗ ಸರಿಯಾಗಿ ಓದಲು ಬಾರದಾದಾಗ ಡಿಸ್ಕ್ ತಾನೇ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ನಮಗೆ ಅದು ಬರೀ ನಿಧಾನವಾಗಿ ಕಾಣುತ್ತದೆ. ಕೇಬಲ್ ಸಡಿಲವಾಗಿದ್ದರೂ, ಯುಎಸ್‌ಬಿ ಹಬ್‌ಗೆ ವಿದ್ಯುತ್ ಸಾಲದಿದ್ದರೂ ಹೀಗೇ ಆಗುವುದುಂಟು. ಆದ್ದರಿಂದ ಮೊದಲು ಹಬ್ ತೆಗೆದು, ಬೇರೆ ಕೇಬಲ್ ಹಾಕಿ, ನೇರವಾಗಿ ಕಂಪ್ಯೂಟರಿಗೆ ಜೋಡಿಸಿ ನೋಡಿ. ಆಮೇಲೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶವನ್ನು ಹಾಕಿಕೊಂಡು ಡಿಸ್ಕ್ ತನ್ನ ಬಗ್ಗೆ ತಾನೇ ಬರೆದಿಟ್ಟುಕೊಂಡ ಲೆಕ್ಕವನ್ನು ಓದಿ. ಅಲ್ಲಿ ಎರಡು ಸಾಲು ಮುಖ್ಯ: ಬದಲಿ ಜಾಗಕ್ಕೆ ಸರಿಸಿದ ಸೆಕ್ಟರ್‌ಗಳ (ಡಿಸ್ಕಿನ ಸಣ್ಣ ಸಣ್ಣ ತುಂಡುಗಳು) ಸಂಖ್ಯೆ, ಮತ್ತು ಓದಲಾಗದೆ ಬಾಕಿ ಉಳಿದ ಸೆಕ್ಟರ್‌ಗಳ ಸಂಖ್ಯೆ. ಎರಡೂ ಸೊನ್ನೆಯಾಗಿದ್ದರೆ ನೆಮ್ಮದಿಯಿಂದ ಮುಂದಕ್ಕೆ ಹೋಗಬಹುದು. ಬಾಕಿ ಸೆಕ್ಟರ್‌ಗಳ ಸಾಲಿನಲ್ಲಿ ಸೊನ್ನೆಗಿಂತ ಹೆಚ್ಚೇನಾದರೂ ಕಂಡರೆ ಆ ಡಿಸ್ಕಿನಿಂದ ಹಾಡು ಕೇಳುವುದನ್ನು ಅಂದೇ ನಿಲ್ಲಿಸಿ.

ಇಲ್ಲಿ ಒಂದು ಎಚ್ಚರಿಕೆ. ಡಿಸ್ಕ್ ತೊಂದರೆ ಕೊಟ್ಟಾಗ 'ಸ್ಕ್ಯಾನ್ ಮಾಡಿ ಸರಿಪಡಿಸಲೇ' ಎಂದು ವಿಂಡೋಸ್ ಕೇಳುತ್ತದೆ. ಹೌದು ಎಂದು ಒತ್ತಬೇಡಿ. ಹಾಗೆ ಸರಿಪಡಿಸುವುದೆಂದರೆ ಸಾಯುತ್ತಿರುವ ಡಿಸ್ಕಿನ ಮೇಲೆ ಹೊಸದಾಗಿ ಬರೆಯುವುದು. ಸಿಗಬಹುದಾಗಿದ್ದ ಫೈಲ್‌ಗಳ ವಿವರ ಅದರಿಂದಲೇ ಅಳಿಸಿಹೋಗುವುದುಂಟು. ಟಕ್ ಟಕ್ ಎಂಬ ಶಬ್ದ ಬರುತ್ತಿದ್ದರಂತೂ ಪ್ಲಗ್ ಕಿತ್ತು, ಡೇಟಾ ಮರಳಿ ಪಡೆಯುವ ಅನುಭವಸ್ಥರ ಕೈಗೆ ಕೊಡುವುದೇ ಸರಿ. ಶಬ್ದವಿಲ್ಲದೆ ಬರೀ ಓದುವ ತೊಂದರೆಯಾದರೆ ಲಿನಕ್ಸ್‌ನ (ವಿಂಡೋಸ್‌ನಂಥದೇ ಇನ್ನೊಂದು ಕಾರ್ಯವ್ಯವಸ್ಥೆ) ಡಿಡಿರೆಸ್ಕ್ಯೂ ಎಂಬ ತಂತ್ರಾಂಶ ಬಳಸಬಹುದು. ಅದು ಸುಲಭವಾಗಿ ಓದಬಹುದಾದ ಭಾಗವನ್ನೆಲ್ಲ ಮೊದಲು ಹೊಸ ಡಿಸ್ಕಿಗೆ ಇಳಿಸಿಕೊಂಡು, ಕಷ್ಟದ ಜಾಗಗಳಿಗೆ ಕೊನೆಯಲ್ಲಿ ಮರಳುತ್ತದೆ. ಮಾಮೂಲಿ ಕಾಪಿ ಮೊದಲ ಕೆಟ್ಟ ಜಾಗದಲ್ಲೇ ಸಿಕ್ಕಿಹಾಕಿಕೊಂಡು ಗಂಟೆಗಟ್ಟಲೆ ಡಿಸ್ಕನ್ನು ಸವೆಸುತ್ತದೆ.

ಡಿಸ್ಕ್ ಆರೋಗ್ಯವಾಗಿದೆ ಎಂದುಕೊಂಡೇ ಮುಂದಿನದನ್ನು ಹೇಳುತ್ತೇನೆ. ಇಂಥ ಕೆಲಸಕ್ಕೆ ಕೈಹಾಕುವವರಿಗೆಲ್ಲ ನಾನು ಮೊದಲು ಹೇಳುವುದು ಒಂದೇ: ಸಂಗ್ರಹವನ್ನು ರಾಗ, ಕಲಾವಿದ, ಸಿನಿಮಾ ಎಂದು ವಿಂಗಡಿಸುವುದಕ್ಕೆ ಮುಂಚೆ, 'ಕಳೆದುಹೋದರೆ ಮತ್ತೆ ಸಿಗುತ್ತದೆಯೇ, ಇಲ್ಲವೇ' ಎಂದು ವಿಂಗಡಿಸಿ. ಭೀಮಸೇನ ಜೋಶಿಯವರ ಸಿಡಿಯಿಂದ ಇಳಿಸಿದ ರಾಗ ಹೋದರೆ ಬೇಸರವಾಗುತ್ತದೆ, ಆದರೆ ಆ ಮುದ್ರಿಕೆ ಇನ್ನೂ ಸಾವಿರ ಕಡೆ ಇದೆ. ನಿಮ್ಮ ತಂದೆಯವರು ಯಾವುದೋ ದೇವಸ್ಥಾನದ ಜಗಲಿಯಲ್ಲಿ ಮೈಕಿನ ಪಕ್ಕ ಟೇಪ್ ರೆಕಾರ್ಡರ್ ಇಟ್ಟು ಹಿಡಿದ ಶೇಣಿ ಗೋಪಾಲಕೃಷ್ಣ ಭಟ್ಟರ ಒಂದು ರಾತ್ರಿಯ ಅರ್ಥಗಾರಿಕೆ ಇಡೀ ಪ್ರಪಂಚದಲ್ಲಿ ನಿಮ್ಮ ಡಿಸ್ಕಿನಲ್ಲಿ ಮಾತ್ರ ಇರಬಹುದು. ತಾಳಮದ್ದಳೆಯಲ್ಲಿ ಅರ್ಥಧಾರಿ, ಅಂದರೆ ಪಾತ್ರವಾಗಿ ಮಾತಾಡುವವನು, ಮಾತನ್ನು ಆ ಕ್ಷಣದಲ್ಲೇ ಕಟ್ಟುತ್ತಾನೆ. ಅದೇ ಪ್ರಸಂಗ, ಅದೇ ಪಾತ್ರ, ಅದೇ ಎದುರಾಳಿಯಿದ್ದರೂ ಮರುದಿನದ ಮಾತು ಬೇರೆ. ಆ ರಾತ್ರಿಯ 'ಕರ್ಣಭೇದನ'ಕ್ಕೆ ಎರಡನೆಯ ಮುದ್ರಣ ಇಲ್ಲ.

ಈ ಭಾಗ ಎಷ್ಟು ದೊಡ್ಡದು ಎಂದು ಲೆಕ್ಕ ಹಾಕಿದರೆ ನಿಮಗೆ ಆಶ್ಚರ್ಯವಾದೀತು. ಮನೆಯಲ್ಲಿ ಕ್ಯಾಸೆಟ್ ಇಳಿಸಿದವರು ಸಾಮಾನ್ಯವಾಗಿ ಬಳಸಿದ್ದು 128 ಕೆಬಿಪಿಎಸ್ ಎಂಪಿ3. ಆ ಲೆಕ್ಕದಲ್ಲಿ ಒಂದು ನಿಮಿಷಕ್ಕೆ ಒಂದು ಎಂಬಿಗಿಂತ ಸ್ವಲ್ಪ ಕಡಿಮೆ, 90 ನಿಮಿಷದ ಒಂದು ಕ್ಯಾಸೆಟ್ಟಿಗೆ ಸುಮಾರು 86 ಎಂಬಿ. ಮುನ್ನೂರು ಕ್ಯಾಸೆಟ್ ಸೇರಿದರೆ 26 ಜಿಬಿ ಆಸುಪಾಸು. ನಿಮ್ಮ 1.6 ಟಿಬಿಯಲ್ಲಿ ಮತ್ತೆಲ್ಲೂ ಸಿಗದ ಭಾಗ ಇಷ್ಟೇ! ಇಡೀ ಡಿಸ್ಕಿನ ಸಾಗಾಟ ಬೆಟ್ಟದಷ್ಟು ಕೆಲಸವೆಂದು ಮುಂದೂಡುತ್ತ ಕೂರುವ ಬದಲು, ಈ 26 ಜಿಬಿಯನ್ನು ಇವತ್ತು ಸಂಜೆಯೇ ನಿಮ್ಮ ಲ್ಯಾಪ್‌ಟಾಪಿಗೂ ಒಂದು ಒಳ್ಳೆಯ ಕಂಪನಿಯ ಪೆನ್‌ಡ್ರೈವಿಗೂ ಕಾಪಿ ಮಾಡಿ. ಮಿಕ್ಕ ಸಾಗಾಟ ಮುಂದಿನ ವಾರವಾದರೂ ನಡೆದೀತು.

ಈಗ ಗೆಳೆಯರ ಮಾತಿಗೆ ಬರೋಣ. ಕಾಪಿ ಮಾಡಿದಷ್ಟೂ ಧ್ವನಿ ತೆಳುವಾಗುತ್ತದೆ ಎಂಬುದು ಕ್ಯಾಸೆಟ್ಟಿನ ಕಾಲದಲ್ಲಿ ನಿಜವಾಗಿತ್ತು. ಟೇಪಿನಿಂದ ಟೇಪಿಗೆ ಇಳಿಸುವಾಗ ಪ್ರತಿ ಸಲವೂ ಹಿಸ್ ಏರುತ್ತಿತ್ತು, ಮೇಲಿನ ಸ್ವರಗಳ ಹೊಳಪು ಕುಂದುತ್ತಿತ್ತು. ಆ ಅನುಭವ ನಮ್ಮ ತಲೆಮಾರಿನವರ ಕಿವಿಯಲ್ಲಿ ಉಳಿದಿದೆ, ಅದಕ್ಕೇ ಈ ನಂಬಿಕೆ ಸಾಯುವುದಿಲ್ಲ. ಡಿಜಿಟಲ್ ಫೈಲ್ ಬರೀ ಅಂಕಿಗಳ ಸಾಲು. ಸರಿಯಾಗಿ ಕಾಪಿಯಾದರೆ ನೂರನೆಯ ಪ್ರತಿಯೂ ಮೊದಲನೆಯದೇ, ಒಂದು ಬಿಟ್ಟೂ ವ್ಯತ್ಯಾಸವಿಲ್ಲ. ಧ್ವನಿ ಕೆಡುವುದು ಕಾಪಿಯಿಂದಲ್ಲ, ರೂಪ ಬದಲಾಯಿಸುವುದರಿಂದ. ಎಂಪಿ3ಯನ್ನು ಎಎಸಿ ಎಂಬ ಇನ್ನೊಂದು ರೂಪಕ್ಕೆ ಬದಲಿಸಿದರೆ, ಅಥವಾ ಮತ್ತೊಮ್ಮೆ ಎಂಪಿ3ಯನ್ನೇ ಮಾಡಿದರೆ, ಆಗ ಒಂದಷ್ಟು ನಷ್ಟವಾಗುತ್ತದೆ.

ಎಂಪಿ3ಯನ್ನು ಫ್ಲ್ಯಾಕ್ ಮಾಡಿದರೆ ಏನೂ ಕೆಡುವುದಿಲ್ಲ, ಏನೂ ಸುಧಾರಿಸುವುದೂ ಇಲ್ಲ. ಎಂಪಿ3 ಬಿಸಾಕಿದ ವಿವರವನ್ನು ಫ್ಲ್ಯಾಕ್ ಎಲ್ಲಿಂದ ತಂದೀತು? ಫೈಲಿನ ಗಾತ್ರ ಮಾತ್ರ ಹಲವು ಪಟ್ಟು ಹಿಗ್ಗುತ್ತದೆ. ಇನ್ನೂ ಕೆಟ್ಟದ್ದೆಂದರೆ, ಹತ್ತು ವರ್ಷದ ನಂತರ ಯಾರಾದರೂ ಅದನ್ನು ನೋಡಿ 'ಇದು ಮೂಲ ಗುಣಮಟ್ಟದ್ದು' ಎಂದು ನಂಬಿ ನಿಜವಾದ ಮೂಲವನ್ನು ಎಸೆದುಬಿಡಬಹುದು. ಫ್ಲ್ಯಾಕ್ ಒಳ್ಳೆಯದೇ, ಸಿಡಿಯಿಂದ ಅಥವಾ ಕ್ಯಾಸೆಟ್ಟಿನಿಂದ ನೇರವಾಗಿ ಇಳಿಸುವಾಗ.

ಅಂದಹಾಗೆ ಆ 300 ಕ್ಯಾಸೆಟ್‌ಗಳು ಮನೆಯಲ್ಲಿ ಇನ್ನೂ ಇವೆಯೇ? ಪತ್ರದಲ್ಲಿ ನೀವು ಹೇಳಿಲ್ಲ. ಇದ್ದರೆ ದಯವಿಟ್ಟು ಎಸೆಯಬೇಡಿ, 'ಡಿಜಿಟಲ್ ಆಯಿತಲ್ಲ' ಎಂದು ಯಾರಿಗೂ ಕೊಡಬೇಡಿ. ನಿಮ್ಮ ಎಂಪಿ3ಗಿಂತ ಆ ಟೇಪಿನಲ್ಲಿ ಇನ್ನೂ ಹೆಚ್ಚು ಧ್ವನಿ ಉಳಿದಿರುವ ಸಾಧ್ಯತೆ ಇದೆ. ಧ್ವನಿ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘವಾದ ಐಎಎಸ್‌ಎ ಹೇಳುವ ಕನಿಷ್ಠ ಮಟ್ಟ 48 ಕಿಲೋಹರ್ಟ್ಸ್, 24 ಬಿಟ್. ಸಾಧ್ಯವಾದರೆ 96 ಕಿಲೋಹರ್ಟ್ಸ್. ಮುಂದೆ ಎಂದಾದರೂ ಹಾಗೆ ಮಾಡಿಸುವುದಾದರೆ 90 ನಿಮಿಷದ ಕ್ಯಾಸೆಟ್ ಒಂದಕ್ಕೆ 96 ಕಿಲೋಹರ್ಟ್ಸ್‌ನಲ್ಲಿ ಸುಮಾರು 3.1 ಜಿಬಿ, 300ಕ್ಕೆ ಸುಮಾರು 930 ಜಿಬಿ ಬೇಕು. ಫ್ಲ್ಯಾಕ್ ಮಾಡಿಟ್ಟರೆ ಅದಕ್ಕಿಂತ ಸಾಕಷ್ಟು ಕಡಿಮೆ. ಹೊಸ ಡಿಸ್ಕಿನ ಗಾತ್ರ ಆರಿಸುವಾಗ ಈ ಜಾಗವೂ ಲೆಕ್ಕದಲ್ಲಿರಲಿ. ಇನ್ನೊಂದು ವಿಷಯ: ಧ್ವನಿಯನ್ನು ಕುಗ್ಗಿಸದೆ ಇಡುವ ಮಾಮೂಲಿ ವೇವ್ ಫೈಲ್ 4 ಜಿಬಿ ದಾಟುವಂತಿಲ್ಲ. ಸಿಡಿ ಗುಣಮಟ್ಟದಲ್ಲಾದರೆ ಆ ಮಿತಿ ಬರಲು ಆರೂಮುಕ್ಕಾಲು ಗಂಟೆ ಬೇಕು, 96 ಕಿಲೋಹರ್ಟ್ಸ್‌ನಲ್ಲಿ ಎರಡು ಗಂಟೆ ಸಾಕು. ಇಡೀ ರಾತ್ರಿಯ ಪ್ರಸಂಗವನ್ನು ಒಂದೇ ಫೈಲಿಗೆ ಜೋಡಿಸಲು ಹೋಗಿ ಉತ್ತರಾರ್ಧ ಕಾಣೆಯಾಗುವುದು ಹೀಗೆಯೇ. ಕ್ಯಾಸೆಟ್ಟಿನ ಒಂದೊಂದು ಬದಿಗೆ ಒಂದೊಂದು ಫೈಲ್ ಇರಲಿ.

ಕ್ಲೌಡಿನ ವಿಚಾರದಲ್ಲಿ ನಿಮ್ಮ ಮಗ ಹೇಳುವುದು ಅರ್ಧ ಸರಿ. ಬೆಂಕಿ, ಕಳ್ಳತನ, ಕರಾವಳಿಯ ಮಳೆಗಾಲ, ಇವೆಲ್ಲದರಿಂದ ದೂರ ಒಂದು ಪ್ರತಿ ಇರಬೇಕು, ನಿಜ. ಆದರೆ 1.6 ಟಿಬಿಯನ್ನು ಸೆಕೆಂಡಿಗೆ 10 ಮೆಗಾಬಿಟ್ ಅಪ್‌ಲೋಡ್ ವೇಗದಲ್ಲಿ ಏರಿಸಲು ಹಗಲೂ ರಾತ್ರಿ ನಿಲ್ಲದೆ ನಡೆದರೂ ಎರಡು ವಾರ ಬೇಕು. ಅದೇ ವೇಗದಲ್ಲಿ 26 ಜಿಬಿಗೆ ಆರು ಗಂಟೆ. ಹಾಗಾಗಿ ಮತ್ತೆ ಸಿಗದ ಭಾಗವನ್ನು ಮಾತ್ರ ಕ್ಲೌಡಿಗೆ ಹಾಕಿ. ಅದೂ ಫೈಲನ್ನು ಇದ್ದ ಹಾಗೆಯೇ ಇಟ್ಟುಕೊಳ್ಳುವ ಸಾಮಾನ್ಯ ಸಂಗ್ರಹ ಸೇವೆಗೆ. ಹಾಡು ಕೇಳಿಸುವ ಸೇವೆಗೆ ಅಲ್ಲ. ಗೂಗಲ್ ಪ್ಲೇ ಮ್ಯೂಸಿಕ್‌ಗೆ ಫ್ಲ್ಯಾಕ್ ಏರಿಸಿದರೆ ಅದು 320 ಕೆಬಿಪಿಎಸ್ ಎಂಪಿ3 ಆಗಿಬಿಡುತ್ತಿತ್ತು, 2020ರಲ್ಲಿ ಆ ಸೇವೆಯೇ ಮುಚ್ಚಿತು. 2019ರಲ್ಲಿ ಮೈಸ್ಪೇಸ್ ಎಂಬ ಸಾಮಾಜಿಕ ಜಾಲತಾಣ, ಸರ್ವರ್ ಬದಲಾಯಿಸುವ ಕೆಲಸದಲ್ಲಿ ಬಳಕೆದಾರರು 2015ರವರೆಗೆ ಏರಿಸಿದ್ದ ಹಾಡುಗಳು ನಾಶವಾದವು ಎಂದು ಒಪ್ಪಿಕೊಂಡಿತು. ನೀವು ಈಗ ಮಾಡಹೊರಟಿರುವ ಕೆಲಸವನ್ನೇ ಅಷ್ಟು ದೊಡ್ಡ ಕಂಪನಿ ಕೆಡಿಸಿಕೊಂಡಿತು. ಅದರಲ್ಲಿ ಸುಮಾರು 4.9 ಲಕ್ಷ ಹಾಡು ಆಮೇಲೆ ಇಂಟರ್ನೆಟ್ ಆರ್ಕೈವ್‌ನಲ್ಲಿ ಮತ್ತೆ ಕಾಣಿಸಿಕೊಂಡವು. ಕಾರಣ, ಸಂಶೋಧಕರ ಒಂದು ಗುಂಪು ತನ್ನ ಅಧ್ಯಯನಕ್ಕೆಂದು ಬೇರೆ ಕಡೆ ಪ್ರತಿ ಇಟ್ಟುಕೊಂಡಿತ್ತು.

ಏನು ಕೊಳ್ಳಬೇಕು ಎಂಬುದಕ್ಕೆ ನನ್ನ ಸಲಹೆ: 4 ಟಿಬಿಯ ಎರಡು ಮಾಮೂಲಿ ಹಾರ್ಡ್ ಡಿಸ್ಕ್. ಸಾಧ್ಯವಾದರೆ ಎರಡು ಬೇರೆ ಕಂಪನಿಯವು, ಇಲ್ಲವಾದರೆ ಕನಿಷ್ಠ ಬೇರೆ ಬೇರೆ ಸಮಯದಲ್ಲಿ ಕೊಂಡವು. ಒಂದು ದಿನಬಳಕೆಗೆ ಮನೆಯಲ್ಲಿ, ಇನ್ನೊಂದು ಬೇರೆ ಮನೆಯಲ್ಲಿ. ನ್ಯಾಸ್ ಕೆಟ್ಟದ್ದೆಂದಲ್ಲ. ಮನೆಯ ಎಲ್ಲ ಕೋಣೆಗಳಲ್ಲಿ, ಎಲ್ಲರ ಫೋನಿನಲ್ಲಿ ಕೇಳಬೇಕೆಂದರೆ ಅದು ಬಹಳ ಅನುಕೂಲ. ಆದರೆ ಅದರಲ್ಲಿರುವ ಎರಡು ಡಿಸ್ಕುಗಳನ್ನು ಎರಡು ಪ್ರತಿ ಎಂದು ಎಣಿಸುವುದು ತಪ್ಪು, ಈ ತಪ್ಪಿನಿಂದ ಸಂಗ್ರಹ ಕಳೆದುಕೊಂಡವರು ನನ್ನ ಬಳಿಗೆ ಬರುತ್ತಲೇ ಇರುತ್ತಾರೆ. ಒಂದರಲ್ಲಿ ಅಳಿಸಿದ್ದು ಅದೇ ಗಳಿಗೆಯಲ್ಲಿ ಇನ್ನೊಂದರಲ್ಲೂ ಅಳಿಯುತ್ತದೆ. ಒಂದು ಡಿಸ್ಕ್ ಕೆಟ್ಟರೆ ಮಾತ್ರ ಅದು ಕಾಪಾಡುತ್ತದೆ. ಕೈತಪ್ಪು, ಸಿಡಿಲು, ವೈರಸ್‌ಗಳ ಮುಂದೆ ಎರಡೂ ಒಂದೇ. 2021ರ ಕ್ಯೂಲಾಕರ್, 2022ರ ಡೆಡ್‌ಬೋಲ್ಟ್ ದಾಳಿಗಳಲ್ಲಿ ಇಂಟರ್ನೆಟ್ಟಿಗೆ ತೆರೆದಿಟ್ಟಿದ್ದ ಮನೆಬಳಕೆಯ ನ್ಯಾಸ್‌ಗಳ ಫೈಲ್‌ಗಳಿಗೆ ಬೀಗ ಹಾಕಿ, ಅದನ್ನು ತೆಗೆಯಲು ದಾಳಿಕೋರರು ಹಣ ಕೇಳಿದ್ದರು. ನ್ಯಾಸ್ ಕೊಂಡರೂ ಹೊರಗಿಡುವ ಡಿಸ್ಕಿನ ಖರ್ಚು ತಪ್ಪುವುದಿಲ್ಲ.

ಎಸ್‌ಎಸ್‌ಡಿ ವೇಗವಾಗಿದೆ, ಬಿದ್ದರೂ ಸುಲಭಕ್ಕೆ ಕೆಡುವುದಿಲ್ಲ, ದಿನಬಳಕೆಗೆ ಚೆನ್ನ. ಕಪಾಟಿನಲ್ಲಿ ವರ್ಷಗಟ್ಟಲೆ ಇಡುವ ಪ್ರತಿಗೆ ನಾನು ಅದನ್ನು ಆರಿಸುವುದಿಲ್ಲ. ವಿದ್ಯುತ್ ಇಲ್ಲದೆ ಅದು ಡೇಟಾವನ್ನು ಎಷ್ಟು ಕಾಲ ಹಿಡಿದಿಡಬೇಕು ಎಂಬುದಕ್ಕೆ ಉದ್ಯಮದ ಮಾನದಂಡವಿದೆ: ಬರೆಯುವ ಆಯಸ್ಸು ಪೂರ್ತಿ ಸವೆದ ಮಾಮೂಲಿ ಎಸ್‌ಎಸ್‌ಡಿಯಾದರೆ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ವರ್ಷ. ಹೊಸದು ಅದಕ್ಕಿಂತ ಹೆಚ್ಚು ಕಾಲ ಹಿಡಿದಿಡುತ್ತದೆ, ನಿಜ. ಆದರೆ ಸೆಖೆ ಏರಿದಷ್ಟೂ ಆ ಅವಧಿ ಕುಗ್ಗುತ್ತದೆ, ಕರಾವಳಿಯ ಬೇಸಿಗೆಯಲ್ಲಿ ಮುಚ್ಚಿದ ಕಪಾಟಿನ ಒಳಗಿನ ಸೆಖೆ ನಿಮಗೇ ಗೊತ್ತು. ಆನ್‌ಲೈನ್‌ನಲ್ಲಿ 16 ಟಿಬಿ ಎಸ್‌ಎಸ್‌ಡಿ ಎರಡು ಮೂರು ಸಾವಿರ ರೂಪಾಯಿಗೆ ಎಂದು ಕಂಡರೆ ಅತ್ತ ನೋಡಲೂ ಬೇಡಿ. ಒಳಗೆ ಚಿಕ್ಕ ಮೆಮೊರಿ ಚಿಪ್ ಇಟ್ಟು ಗಾತ್ರದ ಬಗ್ಗೆ ಸುಳ್ಳು ಹೇಳುವಂತೆ ಮಾಡಿರುತ್ತಾರೆ. ನೀವು ಬರೆಯುತ್ತ ಹೋದಂತೆ ಅದು ಹಳೆಯದರ ಮೇಲೆಯೇ ಹೊಸದನ್ನು ಬರೆಯುತ್ತದೆ, ಎಚ್ಚರಿಕೆಯನ್ನೂ ಕೊಡುವುದಿಲ್ಲ. ಯಾವ ಹೊಸ ಡಿಸ್ಕನ್ನೇ ಆಗಲಿ ಖಾಲಿ ಇರುವಾಗಲೇ ಎಚ್2ಟೆಸ್ಟ್‌ಡಬ್ಲ್ಯು ಎಂಬ ತಂತ್ರಾಂಶದಿಂದ ಪೂರ್ತಿ ತುಂಬಿಸಿ ಓದಿಸಿ ನೋಡಿ. 4 ಟಿಬಿ ಡಿಸ್ಕ್ ವಿಂಡೋಸ್‌ನಲ್ಲಿ 3.63 ಟಿಬಿ ಎಂದು ತೋರಿಸುವುದು ಮೋಸವಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುವುದರಿಂದ ಬರುವ ವ್ಯತ್ಯಾಸ.

ಇನ್ನು ಸಾಗಾಟ. ಅಂಗಡಿಯವರ 'ಕಟ್-ಪೇಸ್ಟ್' ಮಾತನ್ನು ಮರೆತುಬಿಡಿ. ಕಟ್ ಮಾಡಿದಾಗ ಒಂದೊಂದು ಫೈಲ್ ಹೊಸ ಕಡೆ ತಲುಪುತ್ತಿದ್ದಂತೆ ಹಳೆಯ ಕಡೆ ಅಳಿಯುತ್ತದೆ. ನಡುವೆ ಕರೆಂಟ್ ಹೋದರೆ ಅರ್ಧ ಇಲ್ಲಿ, ಅರ್ಧ ಅಲ್ಲಿ. ಯಾವುದು ಪೂರ್ತಿ ಬಂದಿದೆ ಎಂದು ಹೋಲಿಸಿ ನೋಡಲು ಮೂಲವೇ ಇರುವುದಿಲ್ಲ. ಕಾಪಿ ಮಾತ್ರ ಮಾಡಿ. ಕಂಪ್ಯೂಟರ್ ನಡುವೆ ನಿದ್ರೆಗೆ ಜಾರದಂತೆ ಸೆಟ್ಟಿಂಗ್ ಬದಲಿಸಿ, ಡೆಸ್ಕ್‌ಟಾಪ್ ಆದರೆ ಯುಪಿಎಸ್ ಇರಲಿ. ಹಳೆಯ ಯುಎಸ್‌ಬಿ 2 ಪೋರ್ಟಿನಲ್ಲಾದರೆ ಇದು ಹನ್ನೆರಡು ಹದಿಮೂರು ಗಂಟೆಯ ಕೆಲಸ, ಯುಎಸ್‌ಬಿ 3 ಆದರೆ ಐದಾರು ಗಂಟೆ. ವೈಫೈ ಮೂಲಕ ಮಾಡಲೇಬೇಡಿ. ವಿಂಡೋಸ್‌ನಲ್ಲೇ ಇರುವ ರೋಬೋಕಾಪಿ ಎಂಬ ಕಾಪಿ ಸಾಧನವನ್ನು ಬಳಸಿ ಎಂದು ಯಾರಾದರೂ ಹೇಳಿಕೊಟ್ಟರೆ ಅದರ ಮಿರರ್ ಆಯ್ಕೆಯಿಂದ ದೂರವಿರಿ. ಮೂಲದಲ್ಲಿ ಇಲ್ಲದ್ದನ್ನೆಲ್ಲ ಅದು ಗುರಿಯಲ್ಲಿ ಅಳಿಸುತ್ತದೆ. ಎರಡು ಡಿಸ್ಕಿನ ಹೆಸರು ಅದಲುಬದಲಾದರೆ ಖಾಲಿ ಡಿಸ್ಕಿನ ಪ್ರತಿರೂಪವನ್ನು ನಿಮ್ಮ ಸಂಗ್ರಹದ ಮೇಲೆ ಮಾಡಿಬಿಡುತ್ತದೆ.

ಇದೇ ಹೊತ್ತಿಗೆ ಎರಡೆರಡು ಸಲ ಇರುವ ಹಾಡು ತೆಗೆಯುವುದು, ಹೆಸರು ತಿದ್ದುವುದು, ಫೋಲ್ಡರ್ ಹೊಸದಾಗಿ ಜೋಡಿಸುವುದು, ಇದನ್ನೆಲ್ಲ ಮಾಡುವ ಆಸೆಯಾಗುತ್ತದೆ. ಬೇಡ. ಕಸವೂ ಸೇರಿ ಇದ್ದದ್ದು ಇದ್ದ ಹಾಗೆ ಹೊಸ ಕಡೆ ತಲುಪಲಿ. ಆಗ ಮಾತ್ರ ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸಲು ಸಾಧ್ಯ. ತಾಳಮದ್ದಳೆಯಲ್ಲಂತೂ ಒಂದೇ ಹೆಸರಿನ ಎರಡು 'ವಾಲಿವಧೆ' ಎರಡು ಬೇರೆ ರಾತ್ರಿಗಳವಾಗಿರಬಹುದು. ಹೆಸರು ನೋಡಿ ನಕಲು ಎಂದು ತೀರ್ಮಾನಿಸುವ ತಂತ್ರಾಂಶಕ್ಕೆ ಅದು ತಿಳಿಯುವುದಿಲ್ಲ.

ಹೋಲಿಸುವುದು ಎಂದೆನಲ್ಲ, ಅದೇ ಈ ಕೆಲಸದ ಮುಖ್ಯ ಭಾಗ. ಫೈಲ್‌ಗಳ ಸಂಖ್ಯೆ ಮತ್ತು ಒಟ್ಟು ಬೈಟ್‌ಗಳ ಲೆಕ್ಕ ತಾಳೆಯಾಗುವುದು ಮೊದಲ ಹಂತ, ಅಷ್ಟೇ ಸಾಲದು. ಟೆರಾಕಾಪಿ ತಂತ್ರಾಂಶದ ವೆರಿಫೈ ಆಯ್ಕೆ ಅಥವಾ ಫ್ರೀಫೈಲ್‌ಸಿಂಕ್‌ನ 'ಒಳಗಿನ ವಿಷಯ ಹೋಲಿಸು' ಆಯ್ಕೆ ಎರಡೂ ಕಡೆಯ ಪ್ರತಿ ಫೈಲನ್ನು ಪೂರ್ತಿ ಓದಿ ನೋಡುತ್ತದೆ. ಇದನ್ನು ಮಾಡುವ ಮುಂಚೆ ಹೊಸ ಡಿಸ್ಕನ್ನು ಸರಿಯಾಗಿ ಇಜೆಕ್ಟ್ ಮಾಡಿ, ಕಿತ್ತು, ಮತ್ತೆ ಜೋಡಿಸಿ. ಇಲ್ಲದಿದ್ದರೆ ಕಂಪ್ಯೂಟರ್ ತನ್ನ ನೆನಪಿನಲ್ಲಿ ಉಳಿದದ್ದನ್ನೇ ಓದಿ 'ಸರಿಯಿದೆ' ಎನ್ನಬಹುದು.

ಇಷ್ಟಾದರೂ ಒಂದು ಕೊರತೆ ಉಳಿಯುತ್ತದೆ. ಹೊಸದು ಹಳೆಯದರಂತೆಯೇ ಇದೆ ಎಂದು ಈ ಹೋಲಿಕೆ ಹೇಳುತ್ತದೆ, ಹಳೆಯದು ಚೆನ್ನಾಗಿತ್ತೇ ಎಂದು ಹೇಳುವುದಿಲ್ಲ. ಫ್ಲ್ಯಾಕ್ ಫೈಲಿನ ಒಳಗೆ ಮೂಲ ಧ್ವನಿಯಿಂದ ಲೆಕ್ಕ ಹಾಕಿದ, ತಾಳೆ ನೋಡಲು ಬಳಸುವ ಎಂಡಿ5 ಗುರುತು ಸಾಮಾನ್ಯವಾಗಿ ಬರೆದಿರುತ್ತದೆ, ಆದ್ದರಿಂದ ಅದು ಕೆಟ್ಟಿದೆಯೇ ಎಂದು ಪರೀಕ್ಷಿಸಿ ಹೇಳಬಹುದು. ಎಂಪಿ3ಯಲ್ಲಿ ಇಡೀ ಫೈಲಿಗೆ ಅಂಥ ಗುರುತು ಇರಲೇಬೇಕೆಂದಿಲ್ಲ. ಅದರಲ್ಲಿ ಒಂದು ಬಿಟ್ ಕೆಟ್ಟರೆ ಹೆಚ್ಚಿನ ಸಂದರ್ಭದಲ್ಲಿ ಹಾಳಾಗುವುದು ಒಂದೆರಡು ಫ್ರೇಮ್. ಒಂದು ಫ್ರೇಮ್ ಎಂದರೆ ಸೆಕೆಂಡಿನ ನಲವತ್ತನೇ ಒಂದು ಭಾಗ. ಚಂಡೆಯ ಪೆಟ್ಟಿನ ನಡುವೆ ಒಂದು ಸಣ್ಣ ಚುಂಯ್ ಎಂದು ಕೇಳಿ ಹೋಗುತ್ತದೆ, ಯಾರೂ ಗಮನಿಸುವುದಿಲ್ಲ. ಹೀಗೆ ಕೆಟ್ಟದ್ದೇ ಕಾಪಿಯಾಗುತ್ತ ಹೋಗುತ್ತದೆ. ಫೂಬಾರ್2000 ಪ್ಲೇಯರಿಗೆ ಫೈಲ್ ಇಂಟೆಗ್ರಿಟಿ ವೆರಿಫೈಯರ್ ಎಂಬ ಜೋಡಣೆ ಸಿಗುತ್ತದೆ. ಅದು ಎಂಪಿ3ಗಳನ್ನು ಸಾಲಾಗಿ ಡಿಕೋಡ್ ಮಾಡಿ, ಎಡವಿದ ಕಡೆ ಹೆಸರು ಬರೆದು ಕೊಡುತ್ತದೆ. ನಿಮ್ಮ 26 ಜಿಬಿಯ ಮಟ್ಟಿಗಾದರೂ ಇದನ್ನು ಓಡಿಸಿ. ದೋಷ ಕಂಡ ಫೈಲಿನ ಕ್ಯಾಸೆಟ್ ಇದ್ದರೆ ಅದನ್ನೇ ಮೊದಲು ಮತ್ತೆ ಇಳಿಸಿ.

ಹುಡುಕಿದರೆ ಸಿಗದ ಕನ್ನಡ ಹೆಸರುಗಳ ವಿಷಯ ನಮ್ಮ ಲಿಪಿಗೆ ವಿಶೇಷವಾದದ್ದು, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಯುನಿಕೋಡಿನಲ್ಲಿ ಕನ್ನಡದ ಕೆಲವು ಸ್ವರಚಿಹ್ನೆಗಳನ್ನು ಎರಡು ರೀತಿಯಲ್ಲಿ ಬರೆಯಬಹುದು. 'ಶೇಣಿ' ಎಂಬಲ್ಲಿ ಏತ್ವವನ್ನು ಒಂದೇ ಸಂಕೇತವಾಗಿ ಇಡಬಹುದು, ಇಲ್ಲವೇ ಎತ್ವ ಮತ್ತು ದೀರ್ಘ ಎಂದು ಎರಡು ತುಂಡು ಮಾಡಿ ಇಡಬಹುದು. 'ಜೋಶಿ'ಯ ಓತ್ವವಂತೂ ಒಡೆದರೆ ಮೂರು ತುಂಡು. ತೆರೆಯ ಮೇಲೆ ಎರಡೂ ಒಂದೇ ರೂಪ. ವಿಂಡೋಸ್‌ನಲ್ಲಿ ನೀವು ಟೈಪ್ ಮಾಡುವುದು ಸಾಮಾನ್ಯವಾಗಿ ಕೂಡಿದ ರೂಪದಲ್ಲಿ. ಆದರೆ ಮ್ಯಾಕ್‌ನ ಹಳೆಯ ಫೈಲ್ ವ್ಯವಸ್ಥೆಯಾದ ಎಚ್‌ಎಫ್‌ಎಸ್ ಪ್ಲಸ್ ಎಲ್ಲ ಹೆಸರನ್ನೂ ಒಡೆದ ರೂಪಕ್ಕೆ ಬದಲಿಸಿಯೇ ಉಳಿಸುತ್ತಿತ್ತು. ನಿಮ್ಮ ಮಗನ ಮ್ಯಾಕ್‌ನಿಂದ ಬಂದ 'ಶೇಣಿ' ಒಡೆದದ್ದು, ನೀವು ಹುಡುಕುವ 'ಶೇಣಿ' ಕೂಡಿದ್ದು. ವಿಂಡೋಸ್ ಪಾಲಿಗೆ ಅವು ಎರಡು ಬೇರೆ ಹೆಸರು. ಒಂದೇ ಫೋಲ್ಡರಿನಲ್ಲಿ ನೋಡಲು ಒಂದೇ ಹೆಸರಿನ ಎರಡು ಫೈಲ್ ಕಂಡರೂ ಇದೇ ಕಾರಣ. 'ರಾಜ್‌ಕುಮಾರ್' ಎಂದು ಬರೆಯುವಾಗ ಜ ಮತ್ತು ಕ ಒತ್ತಾಗದಂತೆ ನಡುವೆ ಹಾಕುವ ಕಾಣದ ಸಂಕೇತವೂ ಇಂಥದ್ದೇ ಗೊಂದಲ ಮಾಡುತ್ತದೆ, ಒಂದು ಫೈಲಿನಲ್ಲಿ ಅದು ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ.

ಪರಿಹಾರ ಕಷ್ಟವಲ್ಲ. ಲಿನಕ್ಸ್‌ನ ಕಾನ್ವ್‌ಎಂವಿ ಎಂಬ ಸಣ್ಣ ತಂತ್ರಾಂಶ ಎಲ್ಲ ಹೆಸರುಗಳನ್ನೂ ಒಟ್ಟಿಗೆ ಕೂಡಿದ ರೂಪಕ್ಕೆ ತರುತ್ತದೆ. ಮೊದಲು ಏನೇನು ಬದಲಾಗುತ್ತದೆ ಎಂದು ತೋರಿಸುತ್ತದೆ, ನೀವು ಒಪ್ಪಿ ಹೇಳಿದ ಮೇಲೆಯೇ ಬದಲಿಸುತ್ತದೆ. ಮಗನಿಗೆ ಹೇಳಿದರೆ ದೂರದಿಂದಲೇ ಮಾಡಿಕೊಟ್ಟಾನು. ಆದರೆ ಇದು ಸಾಗಾಟ, ಹೋಲಿಕೆ ಎಲ್ಲ ಮುಗಿದ ಮೇಲಿನ ಕೆಲಸ.

ನ್ಯಾಸ್ ಕೊಳ್ಳುವ ಮನಸ್ಸಿದ್ದರೆ ಹೆಸರಿನ ಉದ್ದವನ್ನೂ ನೋಡಿಕೊಳ್ಳಿ. ಅವುಗಳ ಒಳಗೆ ಸಾಮಾನ್ಯವಾಗಿ ಲಿನಕ್ಸ್ ಇರುತ್ತದೆ, ಅಲ್ಲಿ ಒಂದು ಹೆಸರಿಗೆ 255 ಬೈಟ್ ಮಿತಿ. ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟ್ ಬೇಕು, 'ರ್ಣ' ಎಂಬ ಒಂದು ಅಕ್ಷರಕ್ಕೇ 9. ಇಕ್ರಿಪ್ಟ್‌ಎಫ್‌ಎಸ್ ವಿಧಾನದಲ್ಲಿ ಎನ್‌ಕ್ರಿಪ್ಟ್ ಮಾಡಿದ (ಬೇರೆಯವರು ಓದಲಾಗದಂತೆ ಗುಟ್ಟಾಗಿಸಿದ) ಫೋಲ್ಡರಿನಲ್ಲಿ ಮಿತಿ 143 ಬೈಟ್‌ಗೆ ಇಳಿಯುತ್ತದೆ, ಅಂದರೆ ಸುಮಾರು 47 ಕನ್ನಡ ಸಂಕೇತ. ಪ್ರಸಂಗ, ಅರ್ಥಧಾರಿಗಳು, ಭಾಗವತರು, ಊರು, ತಾರೀಕು ಎಲ್ಲವನ್ನೂ ಹೆಸರಿನಲ್ಲೇ ಬರೆದಿದ್ದರೆ ಅಂಥ ಫೈಲ್ ಕಾಪಿಯೇ ಆಗುವುದಿಲ್ಲ. ಅದಕ್ಕೇ ನಾನು ಹೇಳುವುದು, ಹೆಸರು ಚಿಕ್ಕದಿರಲಿ, ವಿವರವೆಲ್ಲ ಪಕ್ಕದಲ್ಲೊಂದು ಸಾದಾ ಪಠ್ಯದ ಫೈಲಿನಲ್ಲಿರಲಿ. ಹಾಡಿನ ಒಳಗಿನ ಟ್ಯಾಗ್‌ಗಳನ್ನು ಹಿಂದೆ ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿ ಬರೆದಿದ್ದರೆ ಅವು ಈಗ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುತ್ತವೆ. ಅಳಿಸಬೇಡಿ, ಅದನ್ನು ಯುನಿಕೋಡಿಗೆ ತಿರುಗಿಸುವ ಪರಿವರ್ತಕಗಳಿವೆ.

ಐಟ್ಯೂನ್ಸ್ ಪಟ್ಟಿಗಳಿಗೆ ಸುಲಭದ ದಾರಿ ಇದೆ. ಪಟ್ಟಿಯೊಳಗೆ ಹಾಡು ಇರುವುದಿಲ್ಲ, ಹಾಡಿನ ವಿಳಾಸ ಇರುತ್ತದೆ; ಮನೆ ಬದಲಾಯಿಸಿದವರ ಹಳೆಯ ವಿಳಾಸಕ್ಕೆ ಬರೆದ ಕಾಗದದಂತೆ, ಜಾಗ ಬದಲಾದರೆ ತಲುಪುವುದಿಲ್ಲ. ಆದ್ದರಿಂದ ವಿಳಾಸವನ್ನೇ ಉಳಿಸಿಕೊಳ್ಳಿ. ಹಳೆಯ ಡಿಸ್ಕ್ ವಿಂಡೋಸ್‌ನಲ್ಲಿ ಇ ಡ್ರೈವ್ ಆಗಿದ್ದರೆ, ಅದನ್ನು ತೆಗೆದ ಮೇಲೆ ಡಿಸ್ಕ್ ಮ್ಯಾನೇಜ್‌ಮೆಂಟ್‌ಗೆ ಹೋಗಿ ಹೊಸದಕ್ಕೂ ಅದೇ ಅಕ್ಷರ ಕೊಡಿ. ಒಳಗಿನ ಫೋಲ್ಡರುಗಳು ಇದ್ದ ಹಾಗೇ ಇದ್ದರೆ ಐಟ್ಯೂನ್ಸ್‌ಗೆ ಬದಲಾವಣೆಯೇ ತಿಳಿಯುವುದಿಲ್ಲ. ಫೋಲ್ಡರ್ ಈಗಲೇ ಮರುಜೋಡಿಸಬೇಡಿ ಎಂದದ್ದಕ್ಕೆ ಇದೂ ಒಂದು ಕಾರಣ. ರೇಟಿಂಗ್ ಮತ್ತು ಎಷ್ಟು ಸಲ ಕೇಳಿದಿರಿ ಎಂಬ ಲೆಕ್ಕ ಹಾಡಿನ ಫೈಲಿನಲ್ಲಿ ಇರುವುದಿಲ್ಲ, ಐಟ್ಯೂನ್ಸ್ ಲೈಬ್ರರಿ ಎಂಬ ಫೈಲಿನಲ್ಲಿರುತ್ತದೆ. ಅದು ಬಹುಶಃ ಕಂಪ್ಯೂಟರಿನ ಸಿ ಡ್ರೈವಿನಲ್ಲಿದೆ, ಅದಕ್ಕೂ ಒಂದು ಪ್ರತಿ ತೆಗೆದಿಡಿ. ಪಟ್ಟಿಗಳನ್ನು ಹೊರಗೆ ಬರೆದಿಡುವುದಾದರೆ ಎಂ3ಯು8 ರೂಪವನ್ನೇ ಆರಿಸಿ. ಹಳೆಯ ಎಂ3ಯು ವಿಂಡೋಸ್‌ನ ಸ್ಥಳೀಯ ಸಂಕೇತಪಟ್ಟಿಯನ್ನು ನೆಚ್ಚಿಕೊಳ್ಳುತ್ತದೆ, ಕನ್ನಡಕ್ಕೆ ಅಂಥ ಪಟ್ಟಿಯೇ ಇಲ್ಲ. ಕನ್ನಡದ ಹೆಸರುಗಳೆಲ್ಲ ಪ್ರಶ್ನೆ ಚಿಹ್ನೆಗಳಾಗುತ್ತವೆ.

ತಾಳಮದ್ದಳೆಯ ಭಾಗದ ಬಗ್ಗೆ ನೀವು ಕೇಳದ ಒಂದು ಮಾತು. ಅದರ ಒಂದು ಪ್ರತಿ ಮನೆಯ ಹೊರಗೆ, ಒಂದು ಸಂಸ್ಥೆಯಲ್ಲಿ ಇರುವುದು ಒಳ್ಳೆಯದು. ಉಡುಪಿಯ ಎಂ.ಜಿ.ಎಂ. ಕಾಲೇಜಿನ ಪ್ರಾದೇಶಿಕ ಜಾನಪದ ರಂಗಕಲೆಗಳ ಅಧ್ಯಯನ ಕೇಂದ್ರ ಇಂಥ ದಾಖಲೆಗಳ ಕೆಲಸ ಮಾಡಿದೆ, ನಿಮಗೆ ಹತ್ತಿರವೂ ಹೌದು. 1982ರಲ್ಲಿ ಶುರುವಾಗಿ ಈಗ ಗುರುಗ್ರಾಮದಲ್ಲಿರುವ ಎಆರ್‌ಸಿಇ ಎಂಬ ಜನಾಂಗೀಯ ಸಂಗೀತ ಸಂಗ್ರಹಾಲಯವೂ ಖಾಸಗಿಯವರ ಧ್ವನಿಮುದ್ರಿಕೆಗಳನ್ನು ಕಾಪಾಡುತ್ತ ಬಂದಿದೆ. ಮಾತಾಡಿ ನೋಡಿ. ಅದಕ್ಕೂ ಮುಂಚೆ, ಕ್ಯಾಸೆಟ್ ಪೆಟ್ಟಿಗೆಯ ಕಾಗದದ ಮೇಲೆ ನಿಮ್ಮ ತಂದೆಯವರು ಬರೆದ ಊರು, ದಿನ, ಪಾತ್ರಧಾರಿಗಳ ಹೆಸರುಗಳನ್ನು ಫೋನಿನಲ್ಲಿ ಫೋಟೋ ತೆಗೆದು ಆಯಾ ಫೋಲ್ಡರಿಗೆ ಸೇರಿಸಿ. ಯಾರ ಧ್ವನಿ, ಯಾವ ಊರು ಎಂದು ಗೊತ್ತಿಲ್ಲದ ಮುದ್ರಿಕೆ ಮುಂದಿನವರಿಗೆ ಅರ್ಧ ಮಾತ್ರ ಉಪಯೋಗ. ಹಳೆಯ ಹಿಮ್ಮೇಳದವರ ಧ್ವನಿ ಗುರುತಿಸಬಲ್ಲವರು ನಿಮ್ಮ ಸುತ್ತಮುತ್ತ ಇನ್ನೂ ಇದ್ದಾರೆ. ಅವರಿಗೆ ಕೇಳಿಸಿ, ಹೇಳಿದ್ದನ್ನು ಬರೆದುಕೊಳ್ಳಿ. ಇದನ್ನು ಮಾತ್ರ ಮುಂದೂಡಬೇಡಿ.

ಕೊನೆಗೆ ಹಳೆಯ ಡಿಸ್ಕ್. ಅದನ್ನು ಮೊಮ್ಮಗಳಿಗೆ ಕೊಡಬೇಡಿ, ಎರಡು ಕಾರಣಕ್ಕೆ. ಹತ್ತು ವರ್ಷ ಓಡಿದ, ಈಗಾಗಲೇ ನಿಧಾನವಾಗಿರುವ ಡಿಸ್ಕನ್ನು ನೆಚ್ಚಿ ಅವಳು ತನ್ನ ಕೆಲಸ ಇಟ್ಟುಕೊಂಡರೆ ಅದು ಅವಳಿಗೆ ಕೈಕೊಡುತ್ತದೆ. ಎರಡನೆಯದು, ಸಾಗಾಟದಲ್ಲಿ ಬಿಟ್ಟುಹೋದದ್ದು ತಿಳಿಯುವುದು ತಿಂಗಳುಗಳ ನಂತರ, ಯಾವುದೋ ಒಂದು ಹಾಡು ನೆನಪಾಗಿ ಹುಡುಕಿದಾಗ. ಸಾಗಿಸಿದ ತಾರೀಕು ಬರೆದ ಚೀಟಿ ಅಂಟಿಸಿ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ಕನಿಷ್ಠ ಒಂದು ವರ್ಷ ಇಡಿ. ಹೊಸ ಎರಡು ಡಿಸ್ಕುಗಳಲ್ಲಿ ಹೊರಗಿಟ್ಟದ್ದನ್ನು ವರ್ಷಕ್ಕೊಮ್ಮೆಯಾದರೂ ತಂದು ಜೋಡಿಸಿ, ಇನ್ನೊಂದರ ಜೊತೆ ಮತ್ತೆ ಹೋಲಿಸಿ. ಮೊಮ್ಮಗಳಿಗೆ 1 ಟಿಬಿಯ ಹೊಸದೊಂದನ್ನು ಕೊಡಿಸಿ, ತಾಳಮದ್ದಳೆಯ ಆ 26 ಜಿಬಿಯನ್ನು ಅದರಲ್ಲೂ ಹಾಕಿಕೊಡಿ.